ಲೆಕ್ಕಕ್ಕೆ ಸಿಗದ ಗುಂಡು

ಸೈನ್ಯದಿಂದ ನಿವೃತ್ತಿಯಾಗಿ ಬಂದವರ ಜೊತೆ ಸೈನ್ಯದ ಅರ್ಧ ಸಾಮಾನೂ ಊರಿಗೆ ಬರುತ್ತದೆ ಎಂಬುದು ಸುರತ್ಕಲ್ಲಿನ ನಮ್ಮ ಕೇರಿಯ ನಂಬಿಕೆಯಾಗಿತ್ತು. ಇದಕ್ಕೆ ಪುರಾವೆಯಾಗಿ ನಮ್ಮ ಮಾವನಿದ್ದರು. ಹಸಿರು ಟ್ರಂಕು, ಚುಚ್ಚುವ ಬೂದು ಕಂಬಳಿ, ಹೋಲ್ಡಾಲು, ಯಾವ ಚಹಾವನ್ನೂ ಹತ್ತು ನಿಮಿಷ ಕುಡಿಯಲು ಬಿಡದ ಎನಾಮೆಲ್ ಮಗ್ಗು, ಮತ್ತೆ ದೊಡ್ಡವರು ಮಾತ್ರ ಪಿಸುಗುಟ್ಟುತ್ತಿದ್ದ ಕ್ಯಾಂಟೀನು ರಮ್ಮು. ಇಷ್ಟೆಲ್ಲ ಬಂದಮೇಲೆ ಟ್ರಂಕಿನ ತಳದಲ್ಲಿ ಒಂದು ಪಿಸ್ತೂಲು ಇರಲೇಬೇಕು ಎಂದು ಮಕ್ಕಳಾದ ನಾವು ತೀರ್ಮಾನಿಸಿದ್ದೆವು. ದೀಪಾವಳಿಗೆ ಪೇಟೆಯಿಂದ ತಂದ ಕೇಪಿನ ಪಿಸ್ತೂಲು ಎರಡೇ ದಿನದಲ್ಲಿ ಸ್ಪ್ರಿಂಗು ಕಳಚಿ ಕುಳಿತಾಗಲೆಲ್ಲ ನನ್ನ ಕಣ್ಣು ಆ ಟ್ರಂಕಿನ ಬೀಗದ ಮೇಲೆಯೇ.

ಮೀಸೆ ಬಂದಮೇಲೆ ಒಂದು ದಿನ ಧೈರ್ಯಮಾಡಿ ಕೇಳಿಯೇಬಿಟ್ಟೆ. ಮಾವ ನಕ್ಕರು. "ಪಿಸ್ತೂಲಾ? ಅದು ಆಫೀಸರಿಗೆ ಮಾರಾಯ. ನಾನು ಸ್ಟೋರಿನಲ್ಲಿ ಇದ್ದದ್ದು. ಸಾವಿರಗಟ್ಟಲೆ ಕಂಬಳಿ ಎಣಿಸಿದ್ದೇನೆ."

ಬಾಲ್ಯದ ಒಂದು ಇಡೀ ಕಪಾಟು ಅಲ್ಲಿಗೆ ಖಾಲಿಯಾಯಿತು. ಆಸೆ ಮಾತ್ರ ಖಾಲಿಯಾಗಲಿಲ್ಲ.

ಆರಿಹೋಗುತ್ತಿದ್ದ ಆ ಆಸೆಗೆ ಎಣ್ಣೆ ಹೊಯ್ದವನು ನಮ್ಮೂರ ಇಂಜಿನಿಯರಿಂಗ್ ಕಾಲೇಜು ಕೆಆರ್‌ಇಸಿಯಲ್ಲಿ ಓದಿ ಟೆಕ್ಸಾಸ್ ಸೇರಿದ ಗೆಳೆಯ. ಸೋವಿಯತ್ ಸೈನ್ಯ 1930ರ ದಶಕದಿಂದ ಬಳಸಿದ ಟೋಕರೆವ್ ಪಿಸ್ತೂಲೊಂದನ್ನು ಅವನು ಅಲ್ಲಿ ಅಂಗಡಿಯಲ್ಲಿ ಕೊಂಡನಂತೆ. ದಶಕಗಟ್ಟಲೆ ಉಗ್ರಾಣದಲ್ಲಿ ಬಿದ್ದಿದ್ದ ಮಾಲು, ಮೈತುಂಬ ಜಿಡ್ಡು ಗ್ರೀಸು. ಅಡುಗೆಮನೆಯಲ್ಲಿ ಬಿಸಿನೀರು ಕಾಯಿಸಿ ಅದನ್ನು ತೊಳೆಯುತ್ತಿರುವ ಫೋಟೋ ಕಳಿಸಿದ್ದ. ಎಣ್ಣೆಸ್ನಾನದ ಮಗುವಿನ ಹಾಗೆ ಹೊಳೆಯುತ್ತಿತ್ತು. ನಾನು ಆ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ.

ನಮ್ಮಲ್ಲಿ ಆ ಭಾಗ್ಯವಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯನ್ನೂ 2016ರ ನಿಯಮಗಳನ್ನೂ ನಾನು ಕಾದಂಬರಿಯ ಹಾಗೆ ಓದಿದ್ದೇನೆ. ಸಾರಾಂಶ ಇಷ್ಟೆ: ಸೈನ್ಯದ ತೋಟೆ ಯಾವ ನಳಿಗೆಯೊಳಗೆ ಹೋಗುತ್ತದೋ ಆ ನಳಿಗೆ ನಿನ್ನದಲ್ಲ. ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿ ತೂಗುತ್ತಿದ್ದ .455ರ ವೆಬ್ಲಿ, ಅದರ ತಮ್ಮನಾದ .38, ಈಗಿನ 9 ಎಂಎಂ, ಎಲ್ಲವೂ ನಿಷೇಧಿತ. ಸಾಮಾನ್ಯನ ಪಾಲಿಗೆ ಉಳಿದದ್ದು ಮುಖ್ಯವಾಗಿ .32. ಅದೂ ಹೆಚ್ಚಾಗಿ ಸರ್ಕಾರಿ ಕಾರ್ಖಾನೆಯದು. ವೆಬ್ಲಿಯ ಮೂಗು, ಕಿವಿ ಹೊತ್ತ ಒಂದು ರಿವಾಲ್ವರು ಕಾನ್ಪುರದಲ್ಲಿ ತಯಾರಾಗುತ್ತದೆ. 2014ರಲ್ಲಿ ಅಲ್ಲಿಂದಲೇ 'ನಿರ್ಭೀಕ್' ಎಂಬ ಅರ್ಧ ಕಿಲೋದ ರಿವಾಲ್ವರು ಹೆಂಗಸರಿಗೆಂದೇ ಬಂತು, ಬೆಲೆ 1.2 ಲಕ್ಷದ ಆಸುಪಾಸು. ಈ ಸುದ್ದಿಯನ್ನು ಮನೆಯಲ್ಲಿ ಓದಿ ಹೇಳಿದ್ದೇ ತಡ, ಹೆಂಡತಿ ಲೈಸೆನ್ಸ್ ತನ್ನ ಹೆಸರಿಗೇ ಇರಲಿ ಎಂದಳು. ವಿಷಯ ಅಲ್ಲಿಗೆ ನಿಂತಿತು.

ಲೈಸೆನ್ಸಿನ ಅರ್ಜಿಯಲ್ಲಿ ಆಯುಧ ಯಾಕೆ ಬೇಕೆಂದು ಬರೆಯಬೇಕು. ಜೀವಬೆದರಿಕೆ ಇದೆಯೇ? ಇದೆ ಎನ್ನಲು ನನಗೆ ಶತ್ರುಗಳೇ ಇಲ್ಲ. ನಮ್ಮೂರ ಹೆದ್ದಾರಿಯ ಟೋಲ್‌ಗೇಟೊಂದೇ ಇತ್ತು, ಅದನ್ನೂ 2022ರ ಡಿಸೆಂಬರಿನಲ್ಲಿ ಎತ್ತಿದರು. ಬೆಳೆ ರಕ್ಷಣೆ ಎಂದು ಬರೆಯೋಣವೆಂದರೆ ನನ್ನ ಬೆಳೆ ಕುಂಡದ ಬಸಳೆ. ಬೆಳ್ತಂಗಡಿ ಕಡೆಯ ನೆಂಟರಿಗೆ ಅಡಿಕೆ ತೋಟ ಉಂಟು, ಕೋವಿಯೂ ಉಂಟು. ಆದರೆ ಚುನಾವಣೆ ಘೋಷಣೆಯಾದ ಕೂಡಲೇ ಅದನ್ನು ಠಾಣೆಗೆ ಒಪ್ಪಿಸಿ ರಶೀದಿ ತರಬೇಕು. ನೀತಿಸಂಹಿತೆ ಜಾರಿಯಾದ ಸುದ್ದಿ ಮತದಾರರಿಗಿಂತ ಮೊದಲು ಮಂಗಗಳಿಗೆ ಮುಟ್ಟುತ್ತದೆ ಎಂಬುದು ಅವರ ದೂರು. ಘಟ್ಟ ಹತ್ತಿದರೆ ಕೊಡವರಿಗೆ ಬ್ರಿಟಿಷರ ಕಾಲದಿಂದಲೂ ಕೋವಿಗೆ ಲೈಸೆನ್ಸಿನ ವಿನಾಯಿತಿ. ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಈಡು ಹೊಡೆಯುತ್ತಾರೆ. ತೆಂಗು ನಮ್ಮಲ್ಲಿ ಬೇಕಾದಷ್ಟಿದೆ, ಆದರೆ ಕೊಡವನಾಗಿ ಹುಟ್ಟುವುದಕ್ಕೆ ಅರ್ಜಿ ಫಾರಮ್ಮು ಇಲ್ಲ.

ಹಾಗೆಂದು ನಾನು ಸೈನ್ಯದ ಹಳೇ ಮಾಲನ್ನು ಮುಟ್ಟಿಯೇ ಇಲ್ಲ ಎಂದಲ್ಲ. ಕಾಲೇಜಿನಲ್ಲಿ ಎನ್‌ಸಿಸಿ ಇತ್ತು. 1948ರಲ್ಲಿ ಹುಟ್ಟಿದ ಈ ಪಡೆಯ ಹುಡುಗರ ಕೈಗೆ ಬರುತ್ತಿದ್ದ .22 ರೈಫಲು ಎಂದರೆ ಬಹುಪಾಲು ಹಳೆಯ ಲೀ-ಎನ್‌ಫೀಲ್ಡ್‌ನದೇ ಮೈ, ಒಳಗೆ ಸಪೂರ ನಳಿಗೆ. ತುಳು ಮಾತಾಡುವ ನಾವು ಹಿಂದಿ ಆಜ್ಞೆಗೆ ಅಂಗಾತ ಮಲಗಬೇಕೋ ಬೋರಲು ಮಲಗಬೇಕೋ ತಿಳಿಯದೆ ಪಕ್ಕದವನನ್ನು ನೋಡಿ ಮಲಗಿದೆವು. ಐದು ಗುಂಡು ಹಾರಿಸಿದ್ದು ಐದು ನಿಮಿಷದಲ್ಲಿ ಮುಗಿಯಿತು. ಅನಂತರದ ಒಂದು ಗಂಟೆ ಹೋದದ್ದು ಒಂದು ಖೋಖಾ ಹುಡುಕುವುದರಲ್ಲಿ. ಹಾರಿದ ಗುಂಡಿನ ಖಾಲಿ ಹಿತ್ತಾಳೆ ಚಿಪ್ಪಿಗೆ ಅವರು ಹೇಳುವುದು ಹಾಗೆ. ಅಷ್ಟೂ ಖೋಖಾ ವಾಪಸಾಗಬೇಕು, ಇಲ್ಲದಿದ್ದರೆ ಲೆಕ್ಕ ಕೂಡುವುದಿಲ್ಲ. ಇಡೀ ತುಕಡಿ ಮುಳಿಹುಲ್ಲಿನಲ್ಲಿ ಮಂಡಿಯೂರಿತು. ಗುಂಡು ಎಲ್ಲಿ ಬಿತ್ತೆಂದು ಯಾರೂ ಕೇಳಲಿಲ್ಲ.

ಕೊನೆಗೆ ಕಾಯ್ದೆಯೇ ಒಂದು ಕಿಂಡಿ ತೋರಿಸಿತು. 4.5 ಎಂಎಂ ನಳಿಗೆಯ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಗಾಳಿಪಿಸ್ತೂಲಿಗೆ ಲೈಸೆನ್ಸ್ ಬೇಡ. ಪ್ಯಾರಿಸ್‌ನಲ್ಲಿ ಮನು ಭಾಕರ್ 2024ರಲ್ಲಿ ಕಂಚು ಗೆದ್ದದ್ದು ಇದೇ ಜಾತಿಯ ಆಯುಧದಲ್ಲಿ ಎಂದು ಮನೆಯವರಿಗೆ ವಿವರಿಸಿದೆ. ಅವಳದು ಕ್ರೀಡೆ, ನನ್ನದು ಚಪಲ. ಅದನ್ನು ವಿವರಿಸಲಿಲ್ಲ. ಆಧಾರ್ ಪ್ರತಿ ಕೊಟ್ಟು, ಸಹಿ ಹಾಕಿ, ಕಪ್ಪು ಬಣ್ಣದ್ದೇ ಬೇಕೆಂದು ಹಟಹಿಡಿದು ತಂದೆ.

ಹತ್ತು ಮೀಟರ್ ಸ್ಪರ್ಧೆಯ ಗುರಿಹಾಳೆಯಲ್ಲಿ ನಡುವಿನ ಹತ್ತಂಕದ ವೃತ್ತ ಬರೇ 11.5 ಮಿಲಿಮೀಟರ್. ಒಂದು ಕಡಲೆಕಾಳಿನಷ್ಟು ಎನ್ನಬಹುದು. ಹಿತ್ತಿಲ ಕೆಂಪುಕಲ್ಲಿನ ಗೋಡೆಗೆ ಮರಳಚೀಲ ಒರಗಿಸಿ, ಅದರ ಮುಂದೆ ಹಾಳೆ ಅಂಟಿಸಿದೆ. ಸಂಜೆಯ ಹೊತ್ತು ಕಡಲಗಾಳಿ ಎದ್ದಿತ್ತು. ಅರ್ಧ ಗ್ರಾಮಿನ ಸೀಸದ ಕಾಳಿಗೆ ಗಾಳಿಯದೇ ನೆಪ ಸಾಕು. ಸಿನಿಮಾದವರ ಹಾಗೆ ಒಂದು ಕಣ್ಣು ಮುಚ್ಚಿ ಕುದುರೆ ಎಳೆದೆ. 'ಟಪ್' ಎಂದಿತು. ಕುಕ್ಕರಿನ ಸೀಟಿಯೇ ಇದಕ್ಕಿಂತ ಗಂಭೀರ. ಹಾಳೆ ನಿರ್ಮಲವಾಗಿತ್ತು, ಬಸಳೆಯ ಒಂದು ಎಲೆಯಲ್ಲಿ ಮಾತ್ರ ತೂತು ಬಿದ್ದಿತ್ತು.

ಮಾವ ಈಗ ಎಂಬತ್ತು ದಾಟಿದವರು, ಜಗಲಿಯ ಕುರ್ಚಿಯಿಂದ ಎಲ್ಲ ನೋಡುತ್ತಿದ್ದರು. ಮೊದಲು ಕೇಳಿದ್ದು ಎಣ್ಣೆ ಹಾಕಿದ್ದೀಯಾ ಎಂದು. ಈ ಊರಿನ ಉಪ್ಪುಗಾಳಿಗೆ ಕಿಟಕಿಯ ಸರಳೇ ಎರಡು ಮಳೆಗಾಲ ತಡೆಯುವುದಿಲ್ಲ, ಹಾಗಾಗಿ ನಿತ್ಯ ಚಿಂದಿಯಿಂದ ಒರೆಸಬೇಕಂತೆ. ಪಿಸ್ತೂಲನ್ನು ಅವರ ಕೈಗೆ ಕೊಟ್ಟೆ. ಬೆರಳು ಕುದುರೆಯ ಹತ್ತಿರವೂ ಹೋಗಲಿಲ್ಲ. ನಳಿಗೆ ನೆಲಕ್ಕಿಟ್ಟು, ಮಗುಚಿ, ನಂಬರು ಓದಿದರು. ಸ್ಟೋರಿಗೆ ಬಂದ ಹೊಸ ಮಾಲನ್ನು ನೋಡುವ ಕಣ್ಣು ಅದು.

ಆಮೇಲೆ ದೊಣ್ಣೆ ಊರಿಕೊಂಡು ಇಳಿದು ಬಂದರು. ನಾನು ನಿಂತಿದ್ದ ಜಾಗದ ಸುತ್ತ, ದಾಸವಾಳದ ಬುಡದಲ್ಲಿ ಬಗ್ಗಿ ಬಗ್ಗಿ ನೋಡತೊಡಗಿದರು.

"ಎಂತ ಮಾವ?"

"ಖೋಖಾ ಎಲ್ಲಿ ಬಿತ್ತು?"

"ಇದಕ್ಕೆ ಖೋಖಾ ಇಲ್ಲ ಮಾವ. ಬರೇ ಗಾಳಿ."

ಅವರಿಗೆ ಸಮಾಧಾನವಾಗಲಿಲ್ಲ. "ಖೋಖಾ ಇಲ್ಲದಿದ್ದರೆ ಲೆಕ್ಕ ಕೊಡುವುದು ಹೇಗೆ ಮಾರಾಯ?" ಎಂದವರೇ, ಒಳಗೆ ಹೋಗಿ ಹಳೇ ಡೈರಿಯೊಂದನ್ನು ತಂದು, ಡಬ್ಬಿಯ ಸೀಸದ ಕಾಳುಗಳನ್ನು ನನ್ನಿಂದಲೇ ಎಣಿಸಿ, ಬರೆಸಿ, ಸಹಿ ಹಾಕಿಸಿಕೊಂಡರು.