ಇಳಿತದ ಹೊತ್ತಿಗೆ ಅಘನಾಶಿನಿಯ ಮೇಲೆ



ಈ ಸಲದ ನಡಿಗೆ ಹೇಗಾಯಿತು ಎಂದು ಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲಿ ಬಹಳ ಜನ ಕೇಳುತ್ತಿದ್ದೀರಿ. "ಕೆಸರಿನಲ್ಲಿ ಹೊರಳಾಡುವುದಕ್ಕೆ ಘಟ್ಟ ಇಳಿದು ಹೋಗಬೇಕಿತ್ತಾ?" ಎಂದು ನಕ್ಕವರೂ ಇದ್ದಾರೆ. ನಾವು ಹೋದದ್ದೇ ಅದಕ್ಕೆ. ಆದ್ದರಿಂದ ಕೇಳಿದವರಿಗೂ ನಕ್ಕವರಿಗೂ ಸೇರಿಸಿ ಬರೆಯುತ್ತಿದ್ದೇವೆ.

ಹೋದದ್ದು ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಗೆ. ಶಿರಸಿಯ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲೂ ದೊಡ್ಡ ಅಣೆಕಟ್ಟಿಗೆ ಸಿಕ್ಕದೆ, ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಸಮುದ್ರ ಸೇರುವ ಹೊಳೆ ಅದು. 2024ರ ಜನವರಿ ಕೊನೆಯಲ್ಲಿ ಈ ಅಳಿವೆಯನ್ನು ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಿದ ಸುದ್ದಿಯನ್ನು ನೀವು ಓದಿರಬಹುದು. ಭರತ ಬಂದಾಗ ಅಲ್ಲಿ ಕಣ್ಣು ಹಾಯಿಸಿದಷ್ಟು ನೀರು. ಇಳಿತವಾದಾಗ ಅದೇ ಜಾಗದಲ್ಲಿ ಮರಳು, ಹೂಳು, ನಡುನಡುವೆ ಸಣ್ಣ ಕಾಲುವೆಗಳು, ಅಂಚಿನಲ್ಲಿ ಕಾಂಡ್ಲಾ ಗಿಡಗಳು. ಆ ಕೆಲವು ಗಂಟೆಗಳಲ್ಲಿ ಸುತ್ತಲಿನ ಊರುಗಳ ಗಂಡಸರೂ ಹೆಂಗಸರೂ ಬುಟ್ಟಿ ಹಿಡಿದು ಇಳಿಯುತ್ತಾರೆ, ಬಳಚು ಹೆಕ್ಕುವುದಕ್ಕೆ. ಚಿಪ್ಪಿಯೊಳಗಿನ ಆ ಪುಟ್ಟ ಮಾಂಸ ಎಷ್ಟೋ ಮನೆಗಳಿಗೆ ಅನ್ನವೂ ಹೌದು, ಸಾರೂ ಹೌದು.

ಈ ನಡಿಗೆ ಇನ್ನೇನು ನಿಂತೇ ಹೋಗುತ್ತಿತ್ತು. ಮನೆಗಳಲ್ಲಿ ಒಪ್ಪಿಗೆ ಸಿಗಲಿಲ್ಲ. "ಸಮುದ್ರದ ಹತ್ತಿರ ಅಂದಮೇಲೆ ಬೇಡವೇ ಬೇಡ" ಎಂದು ಒಬ್ಬರ ಅಮ್ಮ ಎರಡು ದಿನ ಮಾತೇ ಬಿಟ್ಟರು. ಅವರದು ಸುಮ್ಮನೆ ಹೆದರಿಕೆಯಲ್ಲ. ರಜೆಗೆ ಸಮುದ್ರತೀರಕ್ಕೆ ಹೋದ ಹುಡುಗರು ಹಿಂದಿರುಗದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಪತ್ರಿಕೆಯಲ್ಲಿ ಬರುತ್ತದೆ. ಪಾಲಕರ ಸಭೆಯಲ್ಲಿ ಹಿರಿಯರೊಬ್ಬರು ಕುರಂಗಣಿಯ ಮಾತೆತ್ತಿದರು. ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಬೋಡಿನಾಯಕನೂರಿನ ಮೇಲಿನ ಬೆಟ್ಟ ಅದು. 2018ರ ಮಾರ್ಚ್ 11ರಂದು ಅಲ್ಲಿ ಚಾರಣಕ್ಕೆ ಹೋಗಿದ್ದವರು ಕಾಡ್ಗಿಚ್ಚಿನ ನಡುವೆ ಸಿಕ್ಕಿಬಿದ್ದು ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ನಮ್ಮಂಥವರೇ, ಶನಿವಾರ ಭಾನುವಾರ ಬಿಡುವು ಮಾಡಿಕೊಂಡು ಹೋದ ಯುವಕ ಯುವತಿಯರು. "ಮುಂದೆ ನಡೆಯುವವರೊಬ್ಬರು ಇದ್ದರೆ ಸಾಕಾಗುವುದಿಲ್ಲ. ಅವರಿಗೆ ಆ ನೆಲ ಈ ಹೊತ್ತಿಗೆ ಹೇಗಿದೆ ಎಂದು ಗೊತ್ತಿರಬೇಕು" ಎಂದರು ಆ ಹಿರಿಯರು. ಫಾದರ್ ಅದಕ್ಕೆ ಏನೂ ಸೇರಿಸಲಿಲ್ಲ. ಅಂಥವರನ್ನು ಹುಡುಕಿ ಬನ್ನಿ, ಆಮೇಲೆ ನೋಡೋಣ ಎಂದಷ್ಟೇ ಹೇಳಿದರು.

ಹುಡುಕಿದಾಗ ಸಿಕ್ಕಿದವರು ಮೂವತ್ತು ವರ್ಷದಿಂದ ಬಳಚು ಹೆಕ್ಕುತ್ತಿರುವ ಒಬ್ಬ ಹೆಂಗಸು. ನಾವೆಲ್ಲ ಅಕ್ಕ ಎಂದೇ ಕರೆದೆವು, ಇಲ್ಲಿಯೂ ಹಾಗೇ ಕರೆಯುತ್ತೇವೆ. ದಿನ ಗೊತ್ತು ಮಾಡಿದ್ದೂ ಅವರೇ. ನಮಗೆ ಅನುಕೂಲವಾದ ಶನಿವಾರ ಹೇಳಿದರೆ ಫೋನಿನಲ್ಲೇ ನಕ್ಕುಬಿಟ್ಟರು. "ನಿಮ್ಮ ಶನಿವಾರ ಹೊಳಿಗೆ ಗೊತ್ತಿಲ್ಲ. ಹುಣ್ಣಿಮೆ ಆಗಿ ಮೂರ್ನೇ ದಿನ ಬನ್ನಿ, ಬೆಳಿಗ್ಗೆ ಏಳೂವರೆಗೆ ಪೂರಾ ಇಳ್ದಿರ್ತದೆ" ಎಂದರು. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಭರತವೂ ಜೋರು, ಇಳಿತವೂ ಜೋರು. ದಿನ ಕಳೆದಂತೆ ಹೊತ್ತು ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ನಾವು ಇದನ್ನು ಮೊಬೈಲಿನಲ್ಲಿ ನೋಡಿಕೊಂಡೆವು. ಅವರು ಬೆರಳು ಮಡಚಿ ಎಣಿಸಿದ್ದು ಹತ್ತು ನಿಮಿಷ ಆಚೀಚೆ ಅಷ್ಟೇ.

ನಾವು ಹದಿನಾಲ್ಕು ಜನ. ಚಪ್ಪಲಿ ದಂಡೆಯಲ್ಲೇ ಬಿಡಿಸಿದರು. ಬ್ಯಾಗಿನ ಎದೆಪಟ್ಟಿ ಕಟ್ಟಿಕೊಂಡವರಿಗೆ ಬಿಚ್ಚಲು ಹೇಳಿದರು, ಬೇಕಾದಾಗ ಕೂಡಲೇ ಕೆಳಗೆ ಹಾಕುವಂತಿರಬೇಕಂತೆ. ಅವರ ಕೈಯಲ್ಲಿ ಒಂದು ಬಿದಿರು ಗಳ. ಮೊದಲ ಅರ್ಧ ಗಂಟೆ ಬರೀ ಕಾಲಿನ ಪಾಠ. ಅಲೆ ಅಲೆಯಾಗಿ ಗೆರೆ ಮೂಡಿದ ಮರಳು ಗಟ್ಟಿ, ನಿಶ್ಚಿಂತೆಯಿಂದ ನಡೆಯಬಹುದು. ಕನ್ನಡಿಯಂತೆ ನುಣ್ಣಗೆ ಹೊಳೆಯುವ ಜಾಗವನ್ನು ನಂಬಬಾರದು. ಕಾಲಿಟ್ಟಾಗ ಸುತ್ತಲಿನ ನೆಲ ಅಂಬಲಿಯ ಕೆನೆಯ ಹಾಗೆ ನಡುಗಿದರೆ ನಿಂತು ಯೋಚನೆ ಮಾಡಬಾರದು, ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯಬೇಕು. ನಿನ್ನೆ ಗಟ್ಟಿಯಿದ್ದ ಜಾಗ ಇವತ್ತೂ ಗಟ್ಟಿ ಎಂದುಕೊಳ್ಳಬಾರದು. ಮಳೆಗಾಲ ಕಳೆದ ಮೇಲೆ ಕಾಲುವೆಗಳೇ ಜಾಗ ಬದಲಿಸಿರುತ್ತವೆ, ಅದಕ್ಕೇ ಅಕ್ಕ ಪ್ರತಿ ವರ್ಷ ಹೊಸದಾಗಿ ದಾರಿ ಹುಡುಕಿಕೊಳ್ಳುತ್ತಾರೆ. ಇಷ್ಟನ್ನೂ ಅವರು ಪಾಠದ ಹಾಗೆ ಹೇಳಲಿಲ್ಲ. ನಡೆಯುತ್ತ, ಕಾಲಿನ ಬೆರಳಲ್ಲೇ ಬಳಚು ಪತ್ತೆ ಮಾಡಿ ಬಾಗಿ ಹೆಕ್ಕುತ್ತ, ನಡುವೆ ನಮ್ಮೂರಿನಲ್ಲಿ ಅಡಕೆ ದರ ಎಷ್ಟಿದೆ ಎಂದು ಕೇಳುತ್ತ ಹೇಳಿದರು.

ಇಂಥ ದಾರಿ ತೋರುವವರು ಬೇರೆ ಕಡೆಯೂ ಇದ್ದಾರೆ. ಇಂಗ್ಲೆಂಡಿನ ವಾಯವ್ಯ ತೀರದಲ್ಲಿ ಮೋರ್ಕಮ್ ಬೇ ಎಂಬ ಕೊಲ್ಲಿ ಇದೆ. ಅಲ್ಲಿ ಭರತ ಇಳಿತಗಳ ಅಂತರ ಹತ್ತು ಮೀಟರ್ ಮುಟ್ಟುತ್ತದೆ, ನಮ್ಮ ಕರಾವಳಿಯಲ್ಲಿ ಅದು ಎರಡು ಮೀಟರಿನ ಆಸುಪಾಸು. ರೈಲು ಬರುವ ಮೊದಲು ಜನ ಆ ಮರಳಿನ ಮೇಲೆಯೇ ಊರಿಂದೂರಿಗೆ ದಾಟುತ್ತಿದ್ದರು. ಅವರಿಗೆ ದಾರಿ ತೋರುವ ಏರ್ಪಾಟು ಮಾಡಿದ್ದವರಲ್ಲಿ ಕಾರ್ಟ್‌ಮೆಲ್ ಮಠದ ಸಂನ್ಯಾಸಿಗಳೂ ಇದ್ದರು. ಮಠ ಮುಚ್ಚಿದ ಮೇಲೆ, 1548ರಿಂದ, ಅದು ಅರಸರ ಕಡೆಯ ನೇಮಕವಾಯಿತು. ಸೆಡ್ರಿಕ್ ರಾಬಿನ್ಸನ್ ಎಂಬ ಮೀನುಗಾರರು 1963ರಿಂದ 2019ರವರೆಗೆ ಆ ಕೆಲಸ ಮಾಡಿದರು. ಸಂಬಳ ವರ್ಷಕ್ಕೆ 15 ಪೌಂಡ್, ಇರಲು ಒಂದು ಹಳೆಯ ಮನೆ! ನಡಿಗೆಗೆ ಮುಂಚೆ ಹೋಗಿ, ಗಟ್ಟಿ ನೆಲ ನೋಡಿ, ಉದ್ದಕ್ಕೂ ಗಿಡದ ಕೊಂಬೆ ನೆಟ್ಟು ಬರುತ್ತಿದ್ದರಂತೆ. ಅದೇ ಕೊಲ್ಲಿಯಲ್ಲಿ 2004ರ ಫೆಬ್ರವರಿ 5ರ ರಾತ್ರಿ ನಮ್ಮ ಬಳಚಿನಂಥದೇ ಚಿಪ್ಪಿ ಹೆಕ್ಕಲು ಇಳಿದಿದ್ದ ಚೀನಾದ ಕೂಲಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಭರತಕ್ಕೆ ಸಿಕ್ಕಿ ಸತ್ತರು. ಆ ನೀರಿನ ಗುಣ ಅವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದವರು ಜೊತೆಗಿರಲಿಲ್ಲ. ಅಕ್ಕನಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾತ್ರಿ ಯಾಕೆ ಇಳಿಸಿದ್ರು ಅವರನ್ನ?" ಎಂದು ಕೇಳಿದರು. ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ.

ಇನ್ನು ಕೆಸರಿನ ವಿಷಯ. ನಮ್ಮ ಬಯಲುಸೀಮೆಯ ರೈತರು ಉಸುಬು, ಹುದುಲು ಎನ್ನುತ್ತಾರೆ, ಪುಸ್ತಕದಲ್ಲಿ ಕಳ್ಳುಸುಬು ಎಂದಿರುತ್ತದೆ. ಮೇಲೆ ನೋಡಿದರೆ ನೆಲ, ಕಾಲಿಟ್ಟರೆ ಕಳ್ಳ. ಮರಳಿನ ಕಣಗಳ ನಡುವೆ ನೀರು ತುಂಬಿ, ಒಂದು ಕಣ ಇನ್ನೊಂದರ ಮೇಲೆ ಭಾರ ಊರದೆ ಸಡಿಲವಾಗಿ ನಿಂತಿರುವ ಸ್ಥಿತಿ ಅದು. ಇದನ್ನು ನಮಗೆ ಸರಿಯಾಗಿ ತಿಳಿಯುವಂತೆ ಹೇಳಿದ್ದು ನಮ್ಮ ಜೊತೆ ಬಂದಿದ್ದ ಕಾಲೇಜಿನ ಗೆಳತಿ. ಅವಳ ಅಜ್ಜಿಮನೆ ತೇನಿ ಜಿಲ್ಲೆಯ ಕಂಬಂ. ತಲೆಮಾರುಗಳಿಂದ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕುಟುಂಬಗಳು ಆ ಕಣಿವೆಯಲ್ಲಿ ಬಹಳ ಇವೆ. ಬೇಸಿಗೆಯಲ್ಲಿ ವೈಗೈ ಹೊಳೆ ಬತ್ತಿ ಬರೀ ಮರಳಾದಾಗ ಅಲ್ಲಿಯವರು ಕೈಯಲ್ಲಿ ಗುಂಡಿ ತೋಡಿ ಒರತೆಯ ನೀರು ತುಂಬಿಕೊಳ್ಳುತ್ತಿದ್ದರಂತೆ. "ಒರತೆ ಉಕ್ಕುವ ಕಡೆ ಕಾಲಿಟ್ಟರೆ ಮರಳು ನಿಲ್ಲುವುದಿಲ್ಲ. ಕೆಳಗಿಂದ ನೀರು ಅದನ್ನು ಎತ್ತಿ ಹಿಡಿದಿರುತ್ತದೆ, ಅಷ್ಟೇ" ಎಂದಳು. ಇನ್ನೊಂದು ಮಾತನ್ನೂ ಸೇರಿಸಿದಳು. ಕಂಬಂ ಕಣಿವೆಯ ಮುಲ್ಲೈಪೆರಿಯಾರ್ ಹೊಳೆಗೆ ನೀರು ಬರುವುದು 1895ರ ಪೆರಿಯಾರ್ ಅಣೆಕಟ್ಟಿನಿಂದ, ಬೆಟ್ಟ ಕೊರೆದ ಸುರಂಗದ ಮೂಲಕ. ಊರಿನಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಮೇಲೆ ಬಿಟ್ಟರೆ ಇಲ್ಲಿ ಏರುತ್ತದೆ. ಹಾಗಾಗಿ ಹೊಳೆಗೆ ಇಳಿಯುವ ಮೊದಲು ಆಕಾಶ ನೋಡಿ ಪ್ರಯೋಜನವಿಲ್ಲ, ಯಾರನ್ನಾದರೂ ಕೇಳಬೇಕು ಎಂಬುದು ಅವಳ ಅಜ್ಜಿಯ ಕಟ್ಟಳೆ. ಅಕ್ಕ ಇದಕ್ಕೆ ಜೋರಾಗಿ ತಲೆಯಾಡಿಸಿದರು.

ಎಂಟು ಗಂಟೆಯ ಹೊತ್ತಿಗೆ ಅವರು ದಂಡೆಗೆ ಹತ್ತಿರವಿದ್ದ, ತಮಗೆ ಚೆನ್ನಾಗಿ ಗೊತ್ತಿದ್ದ ಒಂದು ಮೆತ್ತನೆಯ ಜಾಗಕ್ಕೆ ಕರೆತಂದು, "ಈಗ ಒಬ್ಬೊಬ್ರೇ ಹೂತ್ಕಳಿ" ಎಂದರು. ನಮ್ಮಲ್ಲಿ ಕಬಡ್ಡಿ ಆಡುವ, ತೋಳು ತೋರಿಸಿಕೊಂಡು ತಿರುಗುವ ಒಬ್ಬನೇ ಮೊದಲು ಹೋದ. ಮೊಣಕಾಲಿನವರೆಗೆ ಇಳಿಯಿತು. ಬಲಗಾಲು ಎಳೆದ, ಎಡಗಾಲು ಇನ್ನಷ್ಟು ಇಳಿಯಿತು. ಎಡಗಾಲು ಎಳೆದ, ಬಲಗಾಲು ತೊಡೆಯವರೆಗೆ ಹೋಯಿತು. ಎರಡು ನಿಮಿಷದಲ್ಲಿ ಬೆವರಿನಿಂದ ತೊಯ್ದು ಹೋಗಿದ್ದ. ಮುಖದಲ್ಲಿ ನಗು ಇರಲಿಲ್ಲ, ನಾವೂ ನಗುವುದನ್ನು ನಿಲ್ಲಿಸಿದ್ದೆವು. ಇಬ್ಬರು ಕೈ ಕೊಡಲು ಓಡಿದರೆ ಅಕ್ಕ ಗದರಿದರು. "ನಿಂತ್ಕಂಡು ಹೋದ್ರೆ ನೀವೂ ಅಲ್ಲೇ ಸೈ! ಅವನು ಎಳೂದು ಬಿಡ್ಲಿ ಮೊದ್ಲು."

ಆಮೇಲೆ ಅವನಿಗೆ ಮೆಲ್ಲಗೆ ಹೇಳುತ್ತ ಹೋದರು. ಕುರ್ಚಿಯಲ್ಲಿ ಕೂರುವ ಹಾಗೆ ಹಿಂದಕ್ಕೆ ಕೂರು ಮಗಾ. ಬೆನ್ನು ಹಾಸು. ಕೈ ಅಗಲಿಸು. ಉಸಿರು ಬಿಡು. ಈಗ ಒಂದೇ ಕಾಲು, ಮೇಲಕ್ಕೆ ಎಳೆಯಬೇಡ, ಗಿಂಡಿಯಲ್ಲಿ ಸೌಟು ತಿರುಗಿಸಿದ ಹಾಗೆ ಸುತ್ತ ಆಡಿಸು. ಕಾಲಿನ ಪಕ್ಕದಲ್ಲಿ ನೀರು ಇಳಿಯುತ್ತದೆ, ಅದು ಇಳಿದಷ್ಟೂ ಕಾಲು ಬಿಡುತ್ತದೆ. ನಾಲ್ಕೈದು ನಿಮಿಷಕ್ಕೆ ಒಂದು ಕಾಲು, ಮತ್ತೆ ಅಷ್ಟೇ ಹೊತ್ತಿಗೆ ಇನ್ನೊಂದು. ಕೊನೆಗೆ ಬಿದಿರು ಗಳವನ್ನು ಅವನ ಬೆನ್ನಡಿಗೆ ಅಡ್ಡ ಕೊಟ್ಟರು. ಅದರ ಮೇಲೆ ಭಾರ ಹಾಕಿ, ಬಂದ ದಿಕ್ಕಿಗೇ ಉರುಳುತ್ತ ಹೊರಗೆ ಬಂದ. ಅವನ ನಂತರ ಉಳಿದವರೆಲ್ಲ ಸರದಿಯಂತೆ ಹೂತುಕೊಂಡೆವು. ತೀರ ತೆಳ್ಳಗಿರುವ, ಓಟದಲ್ಲಿ ಸದಾ ಕೊನೆಗೆ ಬರುವ ಹುಡುಗಿಯೊಬ್ಬಳು ಎಲ್ಲರಿಗಿಂತ ಬೇಗ ಬಿಡಿಸಿಕೊಂಡಳು, ಅವಳಿಗೆ ಆತುರವೇ ಇರಲಿಲ್ಲ.

ಮನೆಗೆ ಬಂದ ಮೇಲೆ ಇದರ ಹಿಂದಿನ ಲೆಕ್ಕ ಹುಡುಕಿದೆವು. 2005ರಲ್ಲಿ ಆ್ಯಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಡೇನಿಯಲ್ ಬಾನ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಕಳ್ಳುಸುಬಿನ ಬಗ್ಗೆ ಬರೆದಿದ್ದಾರೆ. ಕಾಲಿನ ಕೆಳಗೆ ಒತ್ತಾಗಿ ಕೂರುವ ಮರಳಿನ ಸಾಂದ್ರತೆ ನಮ್ಮ ದೇಹದ ಸುಮಾರು ಎರಡರಷ್ಟು. ಆದ್ದರಿಂದ ಸಿನಿಮಾದಲ್ಲಿ ತೋರಿಸುವ ಹಾಗೆ ಟೋಪಿ ಮಾತ್ರ ಮೇಲೆ ಉಳಿಯುವಂತೆ ಯಾರೂ ಮುಳುಗುವುದಿಲ್ಲ, ಸೊಂಟದ ಹತ್ತಿರ ತೇಲಿ ನಿಲ್ಲುತ್ತಾರೆ. ಆದರೆ ಹೂತ ಪಾದವನ್ನು ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗದಲ್ಲಿ ಮೇಲೆತ್ತಬೇಕಾದರೆ ಒಂದು ಸಾಧಾರಣ ಕಾರನ್ನು ಎತ್ತುವಷ್ಟು ಬಲ ಬೇಕು. ಕಬಡ್ಡಿಯವನಿಗೆ ಇದನ್ನು ತೋರಿಸಿದಾಗ ಅವನಿಗೆ ಸ್ವಲ್ಪ ಸಮಾಧಾನವಾಯಿತು.

ಹಾಗಿದ್ದರೆ ಸಾವು ಎಲ್ಲಿಂದ ಬರುತ್ತದೆ? ನೀರಿನಿಂದ. ಸೊಂಟದವರೆಗೆ ಹೂತವನು ನಿಂತಲ್ಲೇ ನಿಂತಿರುತ್ತಾನೆ, ಭರತ ಏರುತ್ತದೆ. ಅದನ್ನೂ ನೋಡಿದೆವು. ಅಲೆ ಎದುರಿನಿಂದ ಬರುತ್ತದೆಂದು ಸಮುದ್ರದ ಕಡೆಗೇ ಕಣ್ಣಿಟ್ಟಿದ್ದವರಿಗೆ ಅಕ್ಕ ಭುಜ ಹಿಡಿದು ಹಿಂದೆ ತಿರುಗಿಸಿದರು. ದಂಡೆಗೂ ನಮಗೂ ನಡುವೆ, ಬರುವಾಗ ಪಾದ ಮಾತ್ರ ನೆನೆಸಿದ್ದ ಕಾಲುವೆಯಲ್ಲಿ ನೀರು ಸದ್ದಿಲ್ಲದೆ ಒಳಕ್ಕೆ ಹರಿಯುತ್ತಿತ್ತು. ನಮ್ಮ ಜಾಗ ಇನ್ನೂ ಒಣಗಿತ್ತು. "ಇಲ್ಲಿ ತುಂಬೂಕಿಂತ ಮೊದ್ಲು ಅಲ್ಲಿ ತುಂಬ್ತದೆ" ಎಂದರು. ಹೊರಡಿ ಎಂದದ್ದೇ ತಡ ಹೊರಟೆವು. ದಾಟುವಾಗ ಮೊಣಕಾಲು ಮುಳುಗಿತು. ದಂಡೆ ಹತ್ತಿ ಅರ್ಧ ಗಂಟೆ ಕೂತು ನೋಡಿದೆವು, ನಾವು ಹೂತುಕೊಂಡಿದ್ದ ಜಾಗ ಯಾವುದೆಂದು ಗುರುತಿಸಲು ಆಗಲಿಲ್ಲ.

ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯದಲ್ಲಿ ಸಂತ ಪೌಲರಿದ್ದ ಹಡಗಿನವರು ಬಿರುಗಾಳಿಗೆ ಹೆದರಿದಷ್ಟೇ ಸಿರ್ತಿಸ್ ಎಂಬ ಮರಳಿಗೂ ಹೆದರಿದ್ದರೆಂದು ಬರುತ್ತದೆ. ಎಷ್ಟೋ ಸಲ ಓದಿ ಮುಂದೆ ಹೋಗಿದ್ದ ಸಾಲು ಅದು. ಈಗ ಓದಿದರೆ ತೊಡೆಗೆ ಆ ತಣ್ಣನೆಯ ಹಿಡಿತ ನೆನಪಾಗುತ್ತದೆ.

ಅಕ್ಕನ ಮನೆಯಲ್ಲಿ ಬಳಚಿನ ಸಾರು, ಅನ್ನ. ಊಟದ ಹೊತ್ತಿಗೆ ಕೇಳಿ ತಿಳಿದ ಮಾತು, ಬಳಚು ಈಗ ಮೊದಲಿನಷ್ಟು ಸಿಗುವುದಿಲ್ಲ. ಎಳೆಯದನ್ನೂ ಬಿಡದೆ ಹೆಕ್ಕುತ್ತಾರೆ ಎಂದು ಅವರಿಗೆ ಸಿಟ್ಟು. ಅವರ ಮಗಳು ಕುಮಟಾದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಹೊಳೆಗೆ ಇಳಿಯುವುದಿಲ್ಲ. ಇಳಿಯಲಿ ಎಂದು ಅಕ್ಕನಿಗೂ ಆಸೆ ಇಲ್ಲ, ಸೊಂಟ ನೋವು ಯಾರಿಗೆ ಬೇಕು ಎನ್ನುತ್ತಾರೆ. ಆದರೆ ಗಳ ಹಿಡಿದು ಮುಂದೆ ನಡೆಯುವುದು ಆ ಮನೆಯಲ್ಲಿ ಇವರ ನಂತರ ಯಾರಿಗೂ ಬರುವುದಿಲ್ಲ. ನಮ್ಮ ಜೊತೆ ಕಳೆದ ಆ ಬೆಳಿಗ್ಗೆ ಅವರ ಬುಟ್ಟಿ ಅರ್ಧವೂ ತುಂಬಿರಲಿಲ್ಲ. ಸಂಘದ ಹಣದಿಂದ ಒಂದು ಪೂರ್ತಿ ದಿನದ ಹೆಕ್ಕುವಿಕೆಯ ಬೆಲೆಗಿಂತ ಹೆಚ್ಚೇ ಕೊಟ್ಟೆವು. ಹಾಗೆಂದು ಖಜಾಂಚಿಯ ಲೆಕ್ಕಪುಸ್ತಕದಲ್ಲಿ ಅದನ್ನು "ಇತರೆ ಖರ್ಚು" ಎಂದು ಬರೆದದ್ದು ಸರಿಯಲ್ಲವೆಂದು ನಮ್ಮಲ್ಲಿ ದೊಡ್ಡ ಚರ್ಚೆಯೇ ಆಯಿತು. ಕೊನೆಗೆ "ಗುರುಕಾಣಿಕೆ" ಎಂದು ತಿದ್ದಲಾಗಿದೆ.

ಎರಡು ದಿನ ಮಾತು ಬಿಟ್ಟಿದ್ದ ಆ ಅಮ್ಮ ಈಗ ತಾವೂ ಬರುತ್ತೇನೆ ಎನ್ನುತ್ತಿದ್ದಾರೆ. ಮುಂದಿನ ನಡಿಗೆ ಮಳೆಗಾಲ ಮುಗಿದು ಹೊಳೆ ತಿಳಿಯಾದ ಮೇಲೆ, ಅಕ್ಕ ಹೊಸ ದಾರಿ ಹುಡುಕಿಕೊಂಡ ನಂತರ. ದಿನ ಅವರೇ ಹೇಳುತ್ತಾರೆ, ಭಾನುವಾರವೇ ಬೇಕೆಂದು ಯಾರೂ ಹಟ ಮಾಡಬಾರದು. ಹೆಸರು ಕೊಡುವವರು ಫಾದರ್ ಕಚೇರಿಯ ಹೊರಗಿನ ಫಲಕದಲ್ಲಿ ಬರೆಯಿರಿ. ಹಳೆಯ ಬಟ್ಟೆ ಎರಡು ಜೊತೆ ತನ್ನಿ.