ಹಿರೋಷಿಮಾದಲ್ಲಿ ಐದು ಫೋಟೋ

ಹಿರೋಷಿಮಾ ಅಂದ್ರೆ ನಮ್ಮಲ್ಲಿ ಹೆಚ್ಚಿನವರ ಕಣ್ಮುಂದೆ ಬರೋದು ಎರಡೇ ಚಿತ್ರ: ಅಣಬೆಯಂಥ ಮೋಡ, ಮುರಿದ ಗುಮ್ಮಟ. ಆಫೀಸ್ ಕೆಲಸಕ್ಕೆ ಒಸಾಕಾಗೆ ಹೋಗಿದ್ದಾಗ ವೀಕೆಂಡ್‌ನಲ್ಲಿ ಕ್ಯಾಮೆರಾ ಹಿಡ್ಕೊಂಡು ಅಲ್ಲಿಗೆ ಹೊರಟೆ. ಶಿಂಕಾನ್‌ಸೆನ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ ಅಷ್ಟೇ.

ಗುಮ್ಮಟದ ಕಟ್ಟಡ 1915ರದ್ದು. ಜೆಕ್ ವಾಸ್ತುಶಿಲ್ಪಿ ಯಾನ್ ಲೆಟ್ಸೆಲ್ ವಿನ್ಯಾಸ. ಎಲ್ಲರ ಕ್ಯಾಮೆರಾನೂ ಅದರ ಕಡೆಗೇ. ಅಲ್ಲಿಂದ ಐದು ನಿಮಿಷ ನಡೆದರೆ ಒಂದು ಸಣ್ಣ ರಸ್ತೆಯ ಬದಿಯಲ್ಲಿ, ಆಸ್ಪತ್ರೆಯ ಪಕ್ಕ, ಪುಟ್ಟ ಫಲಕವಿದೆ. 1945ರ ಆಗಸ್ಟ್ 6ರಂದು ಬಾಂಬ್ ಸಿಡಿದದ್ದು ಈ ಜಾಗದ ನೆತ್ತಿಯ ಮೇಲೆ, ಸುಮಾರು 600 ಮೀಟರ್ ಎತ್ತರದಲ್ಲಿ. ಜನ ಊಟದ ಪೊಟ್ಟಣ ಹಿಡಿದು ಅದರ ಮುಂದೆಯೇ ನಡೆದು ಹೋಗ್ತಾರೆ.

ಇಂಥ ಸಣ್ಣ ಗುರುತುಗಳು ಊರಿಡೀ ಸಿಗುತ್ತವೆ. ಕೋಟೆಯ ಆವರಣದಲ್ಲಿ ಒಂದು ನೀಲಗಿರಿ ಮರ. ಅದಕ್ಕೊಂದು ಫಲಕ, ಬಾಂಬ್ ದಾಳಿಯಲ್ಲಿ ಬದುಕುಳಿದದ್ದು ಅಂತ. ಟ್ರಾಮ್‌ಗಳು ದಾಳಿಯಾದ ಮೂರೇ ದಿನಕ್ಕೆ ಸ್ವಲ್ಪ ದೂರ ಓಡಿದ್ದವು. ಅಂದು ಜಖಂ ಆಗಿದ್ದ 651 ನಂಬರಿನ ಗಾಡಿ ರಿಪೇರಿಯಾಗಿ ಇಂದಿಗೂ ಸೇವೆಯಲ್ಲಿದೆ.

ನನಗೆ ಮುಖ್ಯವಾಗಿ ನೋಡಬೇಕಿದ್ದದ್ದು ಮಿಯುಕಿ ಸೇತುವೆ. ಬಂದರಿನ ಕಡೆ ಹೋಗೋ ಟ್ರಾಮ್ ಹತ್ತಿ ಮಿಯುಕಿಬಾಶಿ ಸ್ಟಾಪ್‌ನಲ್ಲಿ ಇಳಿದೆ. ಆ ದಿನ ಇಲ್ಲಿಗೆ ಬಂದವರು ಯೋಶಿತೊ ಮತ್ಸುಶಿಗೆ, ಸ್ಥಳೀಯ ಪತ್ರಿಕೆಯ ಫೋಟೋಗ್ರಾಫರ್, ವಯಸ್ಸು 32. ಬಳಿ 24 ಚಿತ್ರಗಳಿಗಾಗುವಷ್ಟು ಫಿಲ್ಮ್ ಇತ್ತು. ಸೇತುವೆಯ ಮೇಲೆ ಸುಟ್ಟ ಮೈಯ ಜನ. ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ಎಷ್ಟೋ ಹೊತ್ತು ಶಟರ್ ಒತ್ತಲು ಕೈ ಬರಲಿಲ್ಲವೆಂದು ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಆ ದಿನದ ಅವರ ಫೋಟೋಗಳಲ್ಲಿ ನಮಗೆ ಉಳಿದಿರೋದು ಐದೇ. ಅದರಲ್ಲಿ ಎರಡು ಈ ಸೇತುವೆಯವು.

ಈಗಿರೋದು ಹೊಸ ಸೇತುವೆ. ಅದರ ತುದಿಯ ಸ್ಮಾರಕದಲ್ಲಿ ಅವರ ಫೋಟೋ ಇದೆ. ಹತ್ತಿರದಿಂದ ನೋಡಿದರೆ ಒಂದು ವಿಷಯ ಗೊತ್ತಾಗುತ್ತೆ: ಹೆಚ್ಚಿನವರು ನಮಗೆ ಬೆನ್ನು ಮಾಡಿದ್ದಾರೆ. ನೋವು ಪೂರ್ತಿ ಕಾಣುತ್ತೆ, ಆದರೆ ಯಾರ ಮುಖಕ್ಕೂ ಕ್ಯಾಮೆರಾ ನುಗ್ಗಿಲ್ಲ. ದಿನಕ್ಕೆ ನೂರಾರು ಕ್ಲಿಕ್ ಮಾಡೋ ನಮ್ಮಂಥವರು ಇದರ ಮುಂದೆ ಐದು ನಿಮಿಷ ನಿಲ್ಲಬೇಕು. ಎಲ್ಲಿ ಹಿಂದೆ ಸರಿಯಬೇಕು ಅನ್ನೋದನ್ನು ಯಾವ ಲೆನ್ಸೂ ಹೇಳಿಕೊಡಲ್ಲ.

ಸಂಜೆ ಯೂನಿಫಾರ್ಮ್ ಹಾಕಿದ ಮಕ್ಕಳು ಸೈಕಲ್‌ನಲ್ಲಿ, ನಗ್ತಾ, ಅದೇ ಸೇತುವೆ ದಾಟಿದರು. ಅವರು ಮುಂದೆ ಹೋದ ಮೇಲೆ ಹಿಂದಿನಿಂದ ಒಂದೇ ಫೋಟೋ ತೆಗೆದೆ.

ನೀವು ಹೋದರೆ ಗುಮ್ಮಟ ಖಂಡಿತ ನೋಡಿ. ಜೊತೆಗೆ ಅರ್ಧ ದಿನ ಟ್ರಾಮ್‌ಗೆ, ಮರಗಳಿಗೆ, ಈ ಸೇತುವೆಗೆ ಇಟ್ಟುಕೊಳ್ಳಿ. ಮೆಮೊರಿ ಕಾರ್ಡ್ ಸ್ವಲ್ಪ ಖಾಲಿ ಉಳಿದರೂ ಪರವಾಗಿಲ್ಲ.