ಹಿತ್ತಲ ಶೆಡ್ಡು
ಬಿ.ಜಿ. ಕೆರೆ ಕಡೆ ಹಿತ್ತಲಲ್ಲಿ ಶೆಡ್ಡು ಹಾಕೋದಾದ್ರೆ ಮಳೆಗಿಂತ ಗಾಳಿಗೆ ಹೆದರಬೇಕು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ ಬರೋ ಮಳೆಯೇ ಕಡಿಮೆ. ಆಷಾಢದ ಪಡುವಣ ಗಾಳಿ ಮಾತ್ರ ತಗಡನ್ನೇ ಹೊತ್ತೊಯ್ಯುತ್ತೆ. ಅದಕ್ಕೇ ನಮ್ಮ ಶೆಡ್ಡಿನ ಬಾಗಿಲು ಮೂಡಲಿಗೆ.

ಮಗ ಗುಣಿ ತೋಡಿದ, ಮಗಳು ದಾರ ಹಿಡಿದು ಮೂಲೆ ನೋಡಿದಳು. ಗೆದ್ದಲು ಹತ್ತದಂತೆ ಬೇವಿನ ಕಂಬದ ಬುಡಕ್ಕೆ ಹಳೇ ಎಂಜಿನ್ ಆಯಿಲ್ ಬಳಿಯೋದು ಮೊಮ್ಮಕ್ಕಳ ಪಾಲು. ಕಂಬಕ್ಕಿಂತ ಅಂಗಿಗೇ ಜಾಸ್ತಿ ಬಳಿದುಕೊಂಡವು.

ಮಗ ತಗಡಿನ ತಗ್ಗಿಗೆ ಮೊಳೆ ಇಟ್ಟ. "ಉಬ್ಬಿಗೆ ಹೊಡಿಯಪ್ಪಾ, ತಗ್ಗಲ್ಲಿ ಹೊಡೆದ್ರೆ ನೀರು ಸೋರ್ತೈತೆ" ಅಂದೆ.

"ಇಲ್ಲಿ ಮಳೆ ಎಲ್ಲೈತೆ ತಾತ?" ಅಂದ್ಲು ಕಿರಿ ಮೊಮ್ಮಗಳು.

ಶೇಂಗಾ ಹೊಟ್ಟು ತುಂಬೋಣ ಅಂತ ಕಟ್ಟಿದ್ದು. ಸದ್ಯಕ್ಕೆ ಅವಳ ಸೈಕಲ್ಲು ಸೇರಿಕೊಂಡಿದೆ.